ಮುಖ ನೋಡಿ ಮಣೆ ಹಾಕುವುದು ಬೇಡ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮವರೇ, ಸ್ವಲ್ಪ ಕಿವಿ ಕೊಡಿ. ಗೂಗಲ್ ಡೇಟಾ ಸೆಂಟರ್ ಬರುತ್ತದೆಂದು 2025ರ ಅಕ್ಟೋಬರ್‌ನಲ್ಲಿ ಸುದ್ದಿಯಾದಾಗ ಸೈಟಿನ ಬೆಲೆ ವಿಚಾರಿಸಿದಿರಿ. ಇಂಟರ್ನೆಟ್ಟಿನಲ್ಲಿ ಊರಿನ ಹೆಸರಿಗೂ ಬೆಲೆ ಇದೆ, ಅದನ್ನು ಯಾಕೆ ವಿಚಾರಿಸಲಿಲ್ಲ?

ಡಾಟ್ ಕಾಮ್, ಡಾಟ್ ಇನ್ ಇದ್ದಂತೆ ಹೊಸ ಡೊಮೇನ್ ಎಕ್ಸ್‌ಟೆನ್ಷನ್‌ಗಳನ್ನು ಹಂಚುವುದು ಐಕಾನ್ ಎಂಬ ಸಂಸ್ಥೆ. 2012ರಲ್ಲಿ ಅಲ್ಲಿಗೆ ಬಂದ 1,930 ಅರ್ಜಿಗಳಲ್ಲಿ 101 ಗೂಗಲ್‌ನವೇ. ಒಂದೊಂದು ಅರ್ಜಿಗೂ 1,85,000 ಡಾಲರ್. ಯಾರ ಅರ್ಜಿ ಮೊದಲು ನೋಡಬೇಕೆಂದು ತೀರ್ಮಾನಿಸಲು, ಗೊತ್ತುಮಾಡಿದ ಗಳಿಗೆಗೆ ಸರಿಯಾಗಿ ಬಟನ್ ಒತ್ತುವ ಪಂದ್ಯ ಇಟ್ಟರು. ಗದ್ದಲವೆದ್ದ ಮೇಲೆ ಅದನ್ನು ಬಿಟ್ಟು ಚೀಟಿ ಎತ್ತಿದರು. ಡಾಟ್ ವೆಬ್‌ಗೆ ಹಲವರು ಪಟ್ಟು ಹಿಡಿದಾಗ 2016ರಲ್ಲಿ ಹರಾಜಾಗಿ 13.5 ಕೋಟಿ ಡಾಲರ್‌ಗೆ ಹೋಯಿತು. ಗೆದ್ದವರ ಬೆನ್ನ ಹಿಂದೆ ದುಡ್ಡು ಹಾಕಿದ್ದು ಡಾಟ್ ಕಾಮ್ ನಡೆಸುವ ವೆರಿಸೈನ್ ಎಂದು ಆಮೇಲೆ ಗೊತ್ತಾಗಿ, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ದುಡ್ಡೇ ದೊಡ್ಡಪ್ಪ ಎಂದು ಸುಮ್ಮನೆ ಹೇಳಿಲ್ಲ.

“ಅದೆಲ್ಲ ಅಮೆರಿಕದ ಕತೆ, ನಮಗೇನು?” ಎನ್ನಬೇಡಿ. ಊರಿನ ಹೆಸರನ್ನು ಊರಿನ ಸಲುವಾಗಿ ಬಳಸುತ್ತೇವೆ ಎಂದು ಅರ್ಜಿ ಹಾಕುವವರು ಅಲ್ಲಿನ ಸರ್ಕಾರದ್ದೋ ನಗರಾಡಳಿತದ್ದೋ ಒಪ್ಪಿಗೆ ಪತ್ರ ತರಲೇಬೇಕು. 2026ರ ಅರ್ಜಿ ಸುತ್ತಿನ ಶುಲ್ಕವೇ 2,27,000 ಡಾಲರ್, ಸುಮಾರು ಎರಡು ಕೋಟಿ ರೂಪಾಯಿ. ಅಷ್ಟು ಸುರಿಯುವವರು ಪತ್ರಕ್ಕಾಗಿ ಯಾರ್ಯಾರ ಬಾಗಿಲು ತಟ್ಟಿಯಾರು, ನೀವೇ ಯೋಚಿಸಿ. ವೈಜಾಗ್ ಹೆಸರಿಗಾಗಲಿ ವಿಜಯವಾಡದ ಹೆಸರಿಗಾಗಲಿ ಅಂಥ ಪತ್ರ ಕೇಳಿ ಯಾರಾದರೂ ಬಂದರೆ, ಕೇಳಿದವರು ಯಾರು, ಷರತ್ತೇನು, ಬೇರೆಯವರಿಗೂ ಅವಕಾಶ ಇತ್ತೇ ಎಂದು ಪತ್ರ ಹೊರಡುವ ಮೊದಲೇ ಕೇಳಿ. ಮಾಹಿತಿ ಹಕ್ಕು ಇರುವುದು ಇದಕ್ಕೇ. ಆಮೇಲೆ ಗೊಣಗಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಅಂಥ ಪತ್ರ ಕೊಡುವುದನ್ನು ತೀರ್ಮಾನಿಸುವ ಸಮಿತಿಯಲ್ಲಿ ನೀವೇ ಇದ್ದು, ಅರ್ಜಿ ಹಾಕಿದವನು ನಿಮ್ಮ ಅಳಿಯನಾದರೆ ಎದ್ದು ಹೊರಗೆ ಕುಳಿತುಕೊಳ್ಳಿ. 2011ರ ಜೂನ್‌ನಲ್ಲಿ ಹೊಸ ಎಕ್ಸ್‌ಟೆನ್ಷನ್ ಹಂಚುವ ಯೋಜನೆಗೆ ಐಕಾನ್ ಮಂಡಳಿ ಒಪ್ಪಿಗೆ ಕೊಟ್ಟಿತು. ಆಗಿನ ಅಧ್ಯಕ್ಷರು ಕೆಲವೇ ವಾರಗಳಲ್ಲಿ ಅಂಥ ಹೆಸರುಗಳಿಗೆ ಅರ್ಜಿ ಹಾಕಲು ಹೊರಟಿದ್ದ ಕಂಪನಿ ಸೇರಿ ಜನರ ಬಾಯಿಗೆ ಬಿದ್ದರು. ನಿಯಮ ಮೀರಿಲ್ಲ ಎಂದರೆ ಸಾಲದು, ನೋಡುವವರಿಗೂ ನಂಬಿಕೆ ಬರಬೇಕು.

ಇನ್ನು ವಿಜಯವಾಡದ ಬೆಸೆಂಟ್ ರಸ್ತೆಯಲ್ಲಿ ಅಂಗಡಿ ಇಟ್ಟವರೇ, “ಒಳಗೆ ನಮ್ಮವರಿದ್ದಾರೆ, ಡಾಟ್ ಇನ್ ಹೆಸರು ಕೊಡಿಸುತ್ತೇನೆ” ಎನ್ನುವ ದಲ್ಲಾಳಿಗೆ ಕಾಸು ಕೊಡಬೇಡಿ. 2005ರಲ್ಲಿ ಟ್ರೇಡ್‌ಮಾರ್ಕ್ ಉಳ್ಳವರಿಗೆ ಮೊದಲ ಅವಕಾಶ ಕೊಟ್ಟು, ಫೆಬ್ರವರಿ 16ರಿಂದ ಡಾಟ್ ಇನ್ ಎಲ್ಲರಿಗೂ ತೆರೆಯಿತು. ಅಲ್ಲಿಂದ ಮೊದಲು ಬಂದವರಿಗೇ ಮೊದಲು.

ಹಾಗೆಂದು ಬೇರೆಯವರ ಹೆಸರಿಗೆ ಕೈ ಹಾಕಬೇಡಿ. ಸಿಫಿ ಎಂಬ ಇಂಟರ್ನೆಟ್ ಕಂಪನಿಯ ಹೆಸರನ್ನು ಹೋಲುವ ‘ಸಿಫ್ಫಿನೆಟ್’ ಇಟ್ಟುಕೊಂಡವರ ಮೇಲಿನ ಕೇಸು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಹೈಕೋರ್ಟ್ ದಾಟಿ, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಿಫಿ ಪರವಾಗಿ ಮುಗಿಯಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಅಲ್ಲಿ ತೀರ್ಮಾನವಾಯಿತು.

ನಿಮ್ಮ ಅಂಗಡಿಯ ಡೊಮೇನ್ ನಿಮ್ಮ ಹೆಸರಿನಲ್ಲಿದೆಯೋ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದೆಯೋ? ನವೀಕರಣ ಯಾವಾಗ? ನಾಳೆ ಎನ್ನಬೇಡಿ, ಇವತ್ತೇ ನೋಡಿ.