ಹುಳ ಬರೆಯಲು ಸೊನ್ನೆ, ಗೆರೆ ಸಾಕು

ಔಷಧಿ ಹೊಡೆಯುವ ಮೊದಲು ಗಿಡದ ಮೇಲಿರುವುದು ಯಾವ ಹುಳ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಬೆಳೆ ತಿನ್ನುವ ಹುಳದ ಜೊತೆ ಅದನ್ನು ತಿನ್ನುವ ಹುಳವೂ ಸಾಯುತ್ತದೆ. ಗುರುತು ಹಿಡಿಯಲು ನನಗೆ ಸುಲಭ ಅನ್ನಿಸಿದ ದಾರಿ, ಹುಳದ ಚಿತ್ರ ಬರೆಯುವುದು. ಬರೆಯಲು ಕೂತರೆ ಕಾಲು ಎಣಿಸಲೇಬೇಕಾಗುತ್ತದೆ. ಮಕ್ಕಳ ಹಳೇ ನೋಟ್ ಬುಕ್ಕು, ಪೆನ್ಸಿಲ್ ಇದ್ದರೆ ಆಯಿತು.

ಕೀಟಕ್ಕೆ ಸಾಲಾಗಿ ಮೂರು ಸೊನ್ನೆ ಹಾಕಿ. ಹೆಸರುಕಾಳಿನಷ್ಟು ತಲೆ, ತೊಗರಿಕಾಳಿನಷ್ಟು ಎದೆ, ಶೇಂಗಾ ಬೀಜದಂತೆ ಉದ್ದನೆಯ ಹೊಟ್ಟೆ. ತಲೆಗೆ ಎರಡು ಮೀಸೆ. ಕಾಲು ಆರು, ಆರೂ ಎದೆಯಿಂದಲೇ ಹೊರಡಬೇಕು. ರೆಕ್ಕೆ ಇದ್ದರೆ ಅದೂ ಎದೆಗೇ. ಕಾಲನ್ನು ಒಂದೇ ನೇರ ಗೆರೆ ಎಳೆಯಬೇಡಿ, ಮಂಡಿ ಮಡಿಸಿದ ಹಾಗೆ ಬಗ್ಗಿಸಿ.

ಜೇಡಕ್ಕೆ ಎರಡೇ ಸೊನ್ನೆ. ತಲೆ, ಎದೆ ಕೂಡಿ ಒಂದು, ಹೊಟ್ಟೆ ಒಂದು. ಎಂಟು ಕಾಲೂ ಮುಂದಿನ ಸೊನ್ನೆಗೆ. ಮೀಸೆ ಇಲ್ಲ, ರೆಕ್ಕೆ ಇಲ್ಲ. ಬಾಯಿಯ ಪಕ್ಕ ಎರಡು ಪುಟ್ಟ ಕೈಯಂಥವು ಇರ್ತವೆ, ಅವನ್ನು ಕಾಲಿನ ಲೆಕ್ಕಕ್ಕೆ ಸೇರಿಸಬೇಡಿ. ಹೊಲದ ಜೇಡ ಹುಳ ಹಿಡಿದು ತಿನ್ನುವಂಥದ್ದು, ಬೆಳೆಗೆ ತೊಂದರೆ ಇಲ್ಲ.

ಗುಲಗಂಜಿ ಹುಳುವಿನಲ್ಲಿ ಮೂರು ಸೊನ್ನೆ ಮೇಲಿಂದ ಕಾಣೋದಿಲ್ಲ, ಬೆನ್ನಿನ ಚಿಪ್ಪು ಮುಚ್ಚಿರುತ್ತದೆ. ಒಂದು ದೊಡ್ಡ ಸೊನ್ನೆ ಹಾಕಿ, ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಆಮೇಲೆ ಚುಕ್ಕೆ ಎಣಿಸಿ ಇಡಿ. ಹೊಳೆಯುವ ಮೈಯ 7 ಚುಕ್ಕೆಯದು ಹೇನು ತಿನ್ನುತ್ತದೆ. ಮೈ ಮಂಕಾಗಿ, ಸಣ್ಣ ಕೂದಲಿದ್ದು, 28 ಚುಕ್ಕೆ ಇದ್ದರೆ ಅದು ಬದನೆ ಎಲೆಯನ್ನು ಕೆರೆದು ಜಾಲರಿ ಮಾಡುವ ಹುಳು. ದೂರದಿಂದ ಎರಡೂ ಒಂದೇ ಥರ.

ಮರಿಗಳಲ್ಲೇ ಹೆಚ್ಚು ಮೋಸ. 7 ಚುಕ್ಕೆ ಹುಳುವಿನ ಮರಿ ತಾಯಿಯನ್ನು ಹೋಲುವುದಿಲ್ಲ. ಪುಟ್ಟ ಮೊಸಳೆಯಂತೆ ಉದ್ದ ಮೈ, ಬಾಲ ಚೂಪು, ಮುಂದುಗಡೆ ಆರು ಕಾಲು. ಅಲಸಂದೆ ಕುಡಿಯಲ್ಲಿ ಹೇನಿನ ನಡುವೆ ಇದು ಓಡಾಡುತ್ತಿದ್ದರೆ ಬಿಟ್ಟುಬಿಡಿ, ಹೇನು ತಿನ್ನಲು ಬಂದಿದೆ. ತೊಗರಿಯ ಕಾಯಿಕೊರಕಕ್ಕೆ ಮುಂದಿನ ಆರು ಕಾಲಲ್ಲದೆ ನಡುವೆ ನಾಲ್ಕು ಜೊತೆ, ಬಾಲಕ್ಕೆ ಒಂದು ಜೊತೆ ಮೋಟುಕಾಲು ಇರುತ್ತವೆ. ಚಿತ್ರದಲ್ಲಿ ಇವು ಬಂದರೆ ವ್ಯತ್ಯಾಸ ತಾನೇ ಎದ್ದು ಕಾಣ್ತದೆ.

ಚಿತ್ರದ ಕೆಳಗೆ ತಾರೀಖು, ಬೆಳೆ, ಎಲೆಯ ಮೇಲೋ ಅಡಿಗೋ, ಎಷ್ಟು ಕಂಡವು ಎಂದು ಬರೆದಿಡಿ. ಅಂದ ಮುಖ್ಯವಲ್ಲ, ಕಾಲಿನ ಲೆಕ್ಕ ಸರಿ ಇರಲಿ. ಔಷಧಿ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಆ ಪುಟ ತೆರೆದು ನೋಡಿ.