ನಾಯಿಯು ತನ್ನ ಪಾದವನ್ನೇಕೆ ಕಚ್ಚಿಕೊಳ್ಳುತ್ತದೆ?

ನಾಯಿಯನ್ನು ಸಾಕಿದವರೆಲ್ಲರೂ ಅದು ತನ್ನ ಪಾದಗಳನ್ನು ನೆಕ್ಕಿಕೊಳ್ಳುವುದನ್ನು ಕಂಡಿರುತ್ತಾರೆ. ಹೊರಗೆ ಅಲೆದು ಬಂದ ನಾಯಿಯು ಒಂದೆರಡು ನಿಮಿಷ ಕಾಲನ್ನು ನೆಕ್ಕಿ ಮಣ್ಣನ್ನು ತೆಗೆದುಕೊಂಡರೆ ಅದು ಸಹಜವಾದ ಶುಚಿಕಾರ್ಯ. ಆದರೆ ಕೆಲವು ನಾಯಿಗಳು ದಿನದಲ್ಲಿ ಹಲವು ಬಾರಿ, ಮನೆಯವರೆಲ್ಲ ಮಲಗಿದ ಮೇಲೂ, ಅದೇ ಕೆಲಸದಲ್ಲಿ ಮುಳುಗಿರುತ್ತವೆ. ಬೆರಳ ಸಂದು ಕೆಂಪಾಗುತ್ತದೆ. ಬಿಳಿಯ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಹತ್ತಿರ ಹೋದರೆ ಮುಗ್ಗಿದ ವಾಸನೆ ಬರುತ್ತದೆ. ಮನೆಯವರು ಗದರಿಸುತ್ತಾರೆ. ಬಲ್ಲವರೊಬ್ಬರು “ಇದು ಯೀಸ್ಟ್” ಎನ್ನುತ್ತಾರೆ. ಔಷಧದ ಅಂಗಡಿಯಿಂದ ಒಂದು ಮುಲಾಮು ಬರುತ್ತದೆ. ಹದಿನೈದು ದಿನ ಗುಣವಾದಂತೆ ತೋರಿ, ಬಳಿಕ ಎಲ್ಲವೂ ಮೊದಲಿನಂತೆಯೇ ಆಗುತ್ತದೆ.

ಹೀಗೆ ಮರುಕಳಿಸುವುದಕ್ಕೆ ಕಾರಣವೇನು? ಪ್ರಸ್ತುತ ಲೇಖಕನು ಭೌತವಿಜ್ಞಾನದ ಅಧ್ಯಾಪಕನೇ ಹೊರತು ಪಶುವೈದ್ಯನಲ್ಲ. ಆದರೂ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸಿ ನೋಡುವುದು ಎಲ್ಲ ವಿಜ್ಞಾನಗಳಿಗೂ ಸಾಮಾನ್ಯವಾದ ಕೆಲಸ. ಆ ದೃಷ್ಟಿಯಿಂದ ಈ ವಿಷಯವನ್ನು ವಿಚಾರಿಸೋಣ.

ಯೀಸ್ಟ್ ಎಂದರೇನು?

ಯೀಸ್ಟ್ ಎಂಬುದು ಒಂದೇ ಜೀವಕೋಶದಿಂದಾದ ಶಿಲೀಂಧ್ರ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು ನಾವು ಬಲ್ಲೆವು. ನಾಯಿಯ ಚರ್ಮದಲ್ಲಿರುವುದು ಅದಲ್ಲ. ಅದು ಮಲಸೇಜಿಯ ಎಂಬ ಬೇರೊಂದು ಕುಲಕ್ಕೆ ಸೇರಿದುದು. ಫ್ರಾನ್ಸಿನ ವಿಜ್ಞಾನಿ ಲೂಯಿ ಶಾರ್ಲ್ ಮಲಸೇ ಅವರ ಹೆಸರಿನಿಂದ ಈ ಕುಲಕ್ಕೆ ೧೮೮೯ರಲ್ಲಿ ನಾಮಕರಣವಾಯಿತು. ನಾಯಿಗಳಲ್ಲಿ ಮುಖ್ಯವಾಗಿ ಕಂಡುಬರುವ ಜಾತಿಯ ಹೆಸರು ಮಲಸೇಜಿಯ ಪ್ಯಾಕಿಡರ್ಮ್ಯಾಟಿಸ್. ‘ಪ್ಯಾಕಿಡರ್ಮ್’ ಎಂದರೆ ದಪ್ಪ ಚರ್ಮದ ಪ್ರಾಣಿ. ನಾಯಿಗೂ ಈ ಹೆಸರಿಗೂ ಏನು ಸಂಬಂಧವೆಂದು ವಾಚಕರಿಗೆ ಆಶ್ಚರ್ಯವಾಗಬಹುದು. ೧೯೨೫ರಲ್ಲಿ ವೀಡ್‌ಮನ್ ಎಂಬ ಅಮೆರಿಕದ ವಿಜ್ಞಾನಿಯು ಈ ಜಾತಿಯನ್ನು ಮೊದಲು ವರ್ಣಿಸಿದ್ದು ಚರ್ಮರೋಗದಿಂದ ನರಳುತ್ತಿದ್ದ ಒಂದು ಭಾರತೀಯ ಖಡ್ಗಮೃಗದಲ್ಲಿ!

ಈ ಜೀವಿಯ ಉದ್ದ ಸುಮಾರು ೪ ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ಎಂದರೆ ಇಂತಹ ೨೫೦ ಜೀವಿಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇದು ಎಳ್ಳಿನ ಕಾಳಿನಷ್ಟು ಕಾಣುವುದು. ತಾಯಿಕೋಶದ ಒಂದು ತುದಿಯಲ್ಲಿ ಮೊಗ್ಗಿನಂತೆ ಮರಿಕೋಶವು ಹೊರಡುವುದರಿಂದ ಇದರ ಆಕಾರ ಸಿಪ್ಪೆ ಸಹಿತವಾದ ಕಡಲೆಕಾಯಿಯನ್ನು ಹೋಲುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಆರೋಗ್ಯವಂತ ನಾಯಿಯ ಕಿವಿ, ತುಟಿ ಮತ್ತು ಬೆರಳ ಸಂದುಗಳಲ್ಲಿಯೂ ಈ ಯೀಸ್ಟ್ ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ. ಅದು ಹೊರಗಿನಿಂದ ದಾಳಿಯಿಟ್ಟ ಶತ್ರುವಲ್ಲ. ಬಹುಕಾಲದಿಂದ ಇರುವ ಒಕ್ಕಲು. ಚರ್ಮದ ಜಿಡ್ಡೇ ಅದರ ಆಹಾರ. ಆದುದರಿಂದ “ಯೀಸ್ಟ್ ಎಲ್ಲಿಂದ ಬಂತು?” ಎಂಬ ಪ್ರಶ್ನೆ ಅಷ್ಟು ಉಪಯುಕ್ತವಲ್ಲ. “ಇದ್ದ ಯೀಸ್ಟ್ ಈಗೇಕೆ ಮಿತಿಮೀರಿ ಬೆಳೆಯಿತು?” ಎಂಬುದೇ ಸರಿಯಾದ ಪ್ರಶ್ನೆ.

ಒಂದು ಹನಿ ನೀರಿನ ಲೆಕ್ಕ

ಯೀಸ್ಟ್ ಬೆಳೆಯಲು ಬೇಕಾದುದು ಬೆಚ್ಚನೆಯ ತಾಣ, ಜಿಡ್ಡು ಮತ್ತು ತೇವ. ನಾಯಿಯ ಮೈಶಾಖ ಸುಮಾರು ೩೮ರಿಂದ ೩೯ ಡಿಗ್ರಿ ಸೆಂಟಿಗ್ರೇಡ್. ಚರ್ಮದ ಶಾಖ ಅದಕ್ಕಿಂತ ತುಸು ಕಡಿಮೆ. ಈ ಯೀಸ್ಟಿಗೆ ಹಿತವಾದ ಉಷ್ಣತೆ ೩೨ರಿಂದ ೩೭ ಡಿಗ್ರಿ. ಶಾಖವೂ ಜಿಡ್ಡೂ ಅಲ್ಲಿ ಸದಾ ಇರುವುವು. ಉಳಿದುದು ತೇವ. ಮನುಷ್ಯರಂತೆ ನೀರಾದ ಬೆವರನ್ನು ಸುರಿಸುವ ಗ್ರಂಥಿಗಳು ನಾಯಿಗೆ ಇರುವುದು ಅಂಗಾಲಿನ ಮೆತ್ತೆಗಳಲ್ಲಿ. ಇದರೊಡನೆ ನೆಕ್ಕಿದ ಜೊಲ್ಲೂ ಸೇರಿದರೆ ಬೆರಳ ಸಂದು ಎಷ್ಟು ಬೇಗ ಒಣಗೀತು?

ಸಂದಿನಲ್ಲಿ ಒಂದು ಹನಿ ನೀರು ನಿಂತಿದೆಯೆಂದು ಭಾವಿಸೋಣ. ಅದರ ತೂಕ ಸುಮಾರು ೫೦ ಮಿಲಿಗ್ರಾಮ್. ೩೦ ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು ೩೦ ಗ್ರಾಮ್ ನೀರಾವಿಯನ್ನು ತಾಳಬಲ್ಲದು. ಎಂದರೆ ಒಂದು ಘನ ಸೆಂಟಿಮೀಟರ್ ಗಾಳಿ ತಾಳುವುದು ೦.೦೩ ಮಿಲಿಗ್ರಾಮ್ ಮಾತ್ರ. ಸಂದಿನ ಗಾಳಿ ಒಂದು ಘನ ಸೆಂಟಿಮೀಟರ್ ಇದ್ದರೆ, ಆ ಹನಿಯನ್ನು ಹೊತ್ತೊಯ್ಯಲು ಪೂರ್ಣ ಒಣಗಿದ ಗಾಳಿಯೇ ಸುಮಾರು ೧,೬೭೦ ಬಾರಿ ಬದಲಾಗಬೇಕು. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಮಳೆಗಾಲದ ಗಾಳಿ ಒಣಗಿರುವುದುಂಟೆ? ಅದರ ಸಾಪೇಕ್ಷ ಆರ್ದ್ರತೆ ಶೇಕಡ ೮೦ ಇದ್ದರೆ, ಹೊಸದಾಗಿ ಹಿಡಿಯಬಲ್ಲ ನೀರಾವಿ ಐದನೆಯ ಒಂದು ಪಾಲು ಮಾತ್ರ. ಆಗ ಗಾಳಿ ಎಂಟು ಸಾವಿರ ಬಾರಿಗೂ ಮಿಕ್ಕಿ ಬದಲಾಗಬೇಕು. ಬೆರಳುಗಳು ಒಂದಕ್ಕೊಂದು ಅಂಟಿ, ನಡುವೆ ಕೂದಲು ದಟ್ಟವಾಗಿರುವಲ್ಲಿ ಗಾಳಿ ಆಡುವುದೇ ಕಷ್ಟ. ಅದೇ ಹನಿಯನ್ನು ಒಣಗಿದ ಹತ್ತಿಯ ಬಟ್ಟೆಯು ಕೇಶಾಕರ್ಷಣದಿಂದ ಕ್ಷಣಮಾತ್ರದಲ್ಲಿ ಹೀರಿಬಿಡುತ್ತದೆ. ಪಾದವನ್ನು ಒರೆಸಬೇಕೆಂಬ ಸಾಮಾನ್ಯ ಸಲಹೆಯ ಹಿಂದೆ ಇಷ್ಟು ಲೆಕ್ಕ ಅಡಗಿದೆ.

ಫಲವೇ ಕಾರಣವಾಗುವ ಚಕ್ರ

ಸಭೆಗಳಲ್ಲಿ ಧ್ವನಿವರ್ಧಕವು ಒಮ್ಮೊಮ್ಮೆ ಕಿವಿಗಡಚಿಕ್ಕುವಂತೆ ಕೂಗುವುದನ್ನು ಕೇಳಿದ್ದೇವೆ. ವರ್ಧಕದಿಂದ ಹೊರಟ ಧ್ವನಿ ಮತ್ತೆ ಮೈಕನ್ನು ಸೇರಿ, ಇನ್ನಷ್ಟು ದೊಡ್ಡದಾಗಿ ಹೊರಟು, ಪುನಃ ಮೈಕನ್ನು ಸೇರುವುದರಿಂದ ಈ ಕೂಗು ಹುಟ್ಟುತ್ತದೆ. ನಾಯಿಯ ಪಾದದಲ್ಲಿ ನಡೆಯುವುದೂ ಇಂತಹದೇ ವ್ಯಾಪಾರ. ಯಾವುದೋ ಕಾರಣದಿಂದ ತುರಿಕೆ ಹುಟ್ಟುತ್ತದೆ; ತುರಿಕೆಯಿಂದ ನಾಯಿ ನೆಕ್ಕುತ್ತದೆ; ನೆಕ್ಕಿದುದರಿಂದ ಚರ್ಮ ತೇವವಾಗಿ, ಅದರ ಮೇಲ್ಪದರ ಸಡಿಲವಾಗುತ್ತದೆ; ಅಲ್ಲಿ ಯೀಸ್ಟೂ ಬ್ಯಾಕ್ಟೀರಿಯಗಳೂ ಹೆಚ್ಚುತ್ತವೆ; ಅವು ಉರಿಯೂತವನ್ನುಂಟುಮಾಡಿ ತುರಿಕೆಯನ್ನು ಬೆಳೆಸುತ್ತವೆ; ನಾಯಿ ಮತ್ತಷ್ಟು ನೆಕ್ಕುತ್ತದೆ.

ಧ್ವನಿವರ್ಧಕಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಮೈಕನ್ನು ದೂರ ಸರಿಸಿದರೆ ಕೂಗು ನಿಲ್ಲುತ್ತದೆ. ಇಲ್ಲಿ ಯೀಸ್ಟನ್ನು ತೊಳೆದು ಚಕ್ರವನ್ನು ತುಂಡುಮಾಡಿದರೂ ಮೊದಲ ತುರಿಕೆಯನ್ನು ಹುಟ್ಟಿಸಿದ ಕಾರಣ ಉಳಿದಿದ್ದರೆ ಚಕ್ರವು ಪುನಃ ತಿರುಗತೊಡಗುತ್ತದೆ. ಮುಲಾಮಿನ ಗುಣ ಹದಿನೈದು ದಿನಕ್ಕೆ ಮುಗಿಯುವುದರ ರಹಸ್ಯ ಇದೇ. ಚಿಕಿತ್ಸೆಯು ಎರಡು ಕಡೆ ನಡೆಯಬೇಕು: ಚಕ್ರವನ್ನು ಕತ್ತರಿಸುವುದು ಒಂದು, ಅದನ್ನು ಚಾಲನೆಗೆ ತಂದ ಮೂಲವನ್ನು ಹುಡುಕುವುದು ಮತ್ತೊಂದು.

ಮೂಲವನ್ನು ಹುಡುಕುವ ಬಗೆ

ಒಂದೇ ಪಾದವನ್ನು ಹಠಾತ್ತಾಗಿ ಕಚ್ಚತೊಡಗಿದರೆ ಮುಳ್ಳು, ಹುಲ್ಲಿನ ಸುಂಕು, ಉಣ್ಣೆ, ಮುರಿದ ಉಗುರು ಅಥವಾ ಗಾಯವಿದೆಯೇ ಎಂದು ಬೆಳಕಿನಲ್ಲಿ ಪರೀಕ್ಷಿಸಬೇಕು. ಬಾಲದ ಬುಡದಲ್ಲಿಯೂ ತುರಿಸಿಕೊಳ್ಳುತ್ತಿದ್ದರೆ ಚಿಗಟಗಳ ಬಗ್ಗೆ ಸಂದೇಹಪಡಬೇಕು. ಎರಡು ಮುಂಗಾಲುಗಳೂ ಕಿವಿಗಳೂ ಒಟ್ಟಿಗೆ ತೊಂದರೆಗೊಳಗಾಗಿ, ಮೂರು ವರ್ಷ ವಯಸ್ಸಿನೊಳಗೆ ಅದು ಆರಂಭವಾಗಿದ್ದರೆ ಅಲರ್ಜಿಯ ಸಂಭವ ಹೆಚ್ಚು. ಮನೆಯ ಧೂಳಿನಲ್ಲಿರುವ ನುಸಿಗಳು, ಹೂವಿನ ಪರಾಗ, ಆಹಾರದ ಯಾವುದಾದರೊಂದು ಪ್ರೋಟೀನು—ಇವು ಕೆಲವು ನಾಯಿಗಳ ಶರೀರಕ್ಕೆ ಒಗ್ಗುವುದಿಲ್ಲ. ಇದಲ್ಲದೆ ಚರ್ಮದೊಳಗೆ ವಾಸಿಸುವ ಡೆಮೋಡೆಕ್ಸ್ ನುಸಿ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಕೀಲುನೋವು, ಒಂಟಿತನದ ಬೇಸರ ಇವೂ ಕಾರಣವಾಗಬಹುದು. ಬೇಸರವೇ ಕಾರಣವೆಂದು ತೀರ್ಮಾನಿಸುವುದು ಉಳಿದವೆಲ್ಲವನ್ನೂ ಪರೀಕ್ಷಿಸಿ ತಳ್ಳಿಹಾಕಿದ ಮೇಲೆಯೇ.

ತುಕ್ಕಿನ ಬಣ್ಣದ ಕೂದಲನ್ನು ಕಂಡೊಡನೆ ಯೀಸ್ಟ್ ಎಂದು ನಿರ್ಧರಿಸುವುದು ಸರಿಯಲ್ಲ. ಜೊಲ್ಲಿನಲ್ಲಿರುವ ಪಾರ್ಫಿರಿನ್ ಎಂಬ ದ್ರವ್ಯವೇ ಕೂದಲಿಗೆ ಆ ಬಣ್ಣವನ್ನು ಕೊಡಬಲ್ಲದು. ನಾಯಿ ಬಹಳ ನೆಕ್ಕುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಏಕೆ ನೆಕ್ಕುತ್ತಿದೆ ಎಂಬುದನ್ನು ಅದು ಹೇಳಲಾರದು. ವಾಸನೆಯೂ ಸುಳಿವು ಮಾತ್ರ. ಪಶುವೈದ್ಯರು ಸಂದಿನ ಚರ್ಮಕ್ಕೆ ಪಾರದರ್ಶಕವಾದ ಅಂಟುಪಟ್ಟಿಯನ್ನು ಒತ್ತಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವೇ ನಿಮಿಷಗಳ ಈ ಪರೀಕ್ಷೆಯಿಂದ ಯೀಸ್ಟ್ ಹೆಚ್ಚಾಗಿದೆಯೇ, ಬ್ಯಾಕ್ಟೀರಿಯಗಳಿವೆಯೇ, ಎರಡೂ ಇವೆಯೇ ಎಂಬುದು ತಿಳಿಯುತ್ತದೆ. ಕೆಲವು ನಾಯಿಗಳಿಗೆ ಯೀಸ್ಟಿನ ವಿಷಯದಲ್ಲಿಯೇ ಅಲರ್ಜಿ ಇರುವುದರಿಂದ, ಅಲ್ಪಸಂಖ್ಯೆಯ ಯೀಸ್ಟೂ ಅವುಗಳಿಗೆ ತೀವ್ರವಾದ ತುರಿಕೆಯನ್ನು ತರಬಲ್ಲದು. ಆದುದರಿಂದ ಸಂಖ್ಯೆಯನ್ನೂ ಲಕ್ಷಣಗಳನ್ನೂ ಕೂಡಿಸಿ ಅರ್ಥಮಾಡಬೇಕು.

ಇಲ್ಲಿ ವಿದ್ಯಾರ್ಥಿಗಳು ಬಹಳ ನೆರವಾಗಬಹುದು. ಒಂದು ಪುಸ್ತಕದಲ್ಲಿ ಪ್ರತಿದಿನ ತಾರೀಖು, ಆಹಾರ, ಮಳೆ ಬಂದಿತೇ ಇಲ್ಲವೇ, ಯಾವ ಪಾದವನ್ನು ಕಚ್ಚಿತು ಎಂಬುದನ್ನು ಬರೆದಿಡಿ. ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ: ಸಾಧ್ಯವಾದಷ್ಟು ಮಟ್ಟಿಗೆ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಬೇಕು. ಆಹಾರ, ಸಾಬೂನು, ಹಾಸಿಗೆ ಮೂರನ್ನೂ ಒಂದೇ ವಾರದಲ್ಲಿ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರೂ ಹೇಳಲಾರರು.

ಚಿಕಿತ್ಸೆ

ಯೀಸ್ಟ್ ಹೆಚ್ಚಾಗಿದೆಯೆಂದು ಖಚಿತವಾದಾಗ ಹೊರಗಿನ ಚಿಕಿತ್ಸೆಯೇ ಮೊದಲನೆಯದು. ಶೇಕಡ ೨ ಕ್ಲೋರ್‌ಹೆಕ್ಸಿಡಿನ್ ಮತ್ತು ಶೇಕಡ ೨ ಮೈಕೊನಜೋಲ್ ಸೇರಿದ, ನಾಯಿಗಳಿಗಾಗಿಯೇ ತಯಾರಿಸಿದ ಶಾಂಪೂವನ್ನು ವಾರಕ್ಕೆರಡು ಬಾರಿ ಬಳಸುವ ಕ್ರಮಕ್ಕೆ ಉತ್ತಮ ಆಧಾರವಿದೆ. ನೊರೆಯು ಚರ್ಮದ ಮೇಲೆ ಹತ್ತು ನಿಮಿಷವಾದರೂ ಇರಬೇಕು. ಹಚ್ಚಿದೊಡನೆ ತೊಳೆದರೆ ಔಷಧವು ಕೆಲಸಮಾಡಲು ಅವಕಾಶವೇ ದೊರೆಯದು. ತೊಳೆದ ಮೇಲೆ ಪ್ರತಿಯೊಂದು ಸಂದನ್ನೂ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಅಷ್ಟು ಕಾಲ ನಾಯಿ ನೆಕ್ಕದಂತೆ ಲಾಳಿಕೆಯಾಕಾರದ ಕೊರಳಪಟ್ಟಿಯನ್ನು ಹಾಕುವುದುಂಟು. ಇದರಿಂದ ಗುಣವಾಗದಿದ್ದಲ್ಲಿ ವೈದ್ಯರು ಬಾಯಿಯ ಮೂಲಕ ಕೊಡುವ ಶಿಲೀಂಧ್ರನಾಶಕಗಳನ್ನು ಬರೆದುಕೊಡುತ್ತಾರೆ. ಅವು ಯಕೃತ್ತಿಗೆ ತೊಂದರೆ ಕೊಡಬಹುದಾದುದರಿಂದ ಸ್ವಂತವಾಗಿ ಕೊಡತಕ್ಕವಲ್ಲ.

ಆಹಾರದ ಅಲರ್ಜಿಯೆಂಬ ಸಂದೇಹವಿದ್ದರೆ ನಾಯಿಯು ಹಿಂದೆಂದೂ ತಿನ್ನದ ಪ್ರೋಟೀನನ್ನಾಗಲಿ, ಸಣ್ಣ ಕಣಗಳಾಗಿ ಒಡೆದ ಪ್ರೋಟೀನಿನ ವಿಶೇಷ ಆಹಾರವನ್ನಾಗಲಿ ಕನಿಷ್ಠ ೮ ವಾರ ಕೊಟ್ಟು ನೋಡುತ್ತಾರೆ. ಈ ಅವಧಿಯಲ್ಲಿ ಮನೆಯ ಮಗು ಎಸೆದ ಒಂದು ಬಿಸ್ಕತ್ತೂ ಪ್ರಯೋಗವನ್ನು ಕೆಡಿಸಬಹುದು. ಗುಣವಾದ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟಾಗ ತುರಿಕೆ ಮರಳಿದರೆ ಮಾತ್ರ ಅದು ಸಿದ್ಧವಾದಂತೆ. “ಸಿಹಿ ಮತ್ತು ಅನ್ನವನ್ನು ನಿಲ್ಲಿಸಿದರೆ ಯೀಸ್ಟ್ ಹಸಿವಿನಿಂದ ಸಾಯುತ್ತದೆ” ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಮಲಸೇಜಿಯವು ಬ್ರೆಡ್ಡಿನ ಯೀಸ್ಟಿನಂತೆ ಸಕ್ಕರೆಯನ್ನು ಹುದುಗಿಸುವ ಜೀವಿಯಲ್ಲ. ಅದರ ಊಟ ಚರ್ಮದ ಜಿಡ್ಡಿನಲ್ಲಿದೆ.

ಧೂಳು ಪರಾಗಗಳ ಅಲರ್ಜಿಯು ಸಾಮಾನ್ಯವಾಗಿ ಆಜೀವ ಪರ್ಯಂತ ಇರತಕ್ಕದ್ದು. ಅದನ್ನು ಬೇರುಸಹಿತ ಕೀಳುವುದಕ್ಕಿಂತ ಹತೋಟಿಯಲ್ಲಿಡುವುದೇ ಗುರಿ. ೨೦೧೩ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಓಕ್ಲಾಸಿಟಿನಿಬ್ ಮೊದಲಾದ ಔಷಧಗಳು ತುರಿಕೆಯ ಸಂದೇಶವನ್ನೇ ತಡೆಯುತ್ತವೆ. ಸ್ಟೀರಾಯ್ಡುಗಳೂ ತುರಿಕೆಯನ್ನು ಬೇಗ ಇಳಿಸುತ್ತವೆ. ಆದರೆ ವೈದ್ಯರ ಮೇಲ್ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಕೊಟ್ಟರೆ ದೇಹದ ರಕ್ಷಣಾಶಕ್ತಿ ಕುಗ್ಗಿ, ಸೋಂಕು ಹೆಚ್ಚುವ ಅಪಾಯವಿದೆ.

ಕೆಲವು ಎಚ್ಚರಿಕೆಗಳು

ಪಾದಕ್ಕೆ ಹಚ್ಚಿದುದೆಲ್ಲ ನಾಯಿಯ ಹೊಟ್ಟೆಯನ್ನು ಸೇರುತ್ತದೆ ಎಂಬುದನ್ನು ಮರೆಯಬಾರದು. ಟೀ ಟ್ರೀ ಎಣ್ಣೆಯು ನಾಯಿಗಳಿಗೆ ವಿಷ. ಸತುವಿನ ಆಕ್ಸೈಡ್ ಇರುವ, ಮನುಷ್ಯರಿಗಾಗಿ ಮಾಡಿದ ಮುಲಾಮುಗಳನ್ನು ನೆಕ್ಕಿದರೂ ಅಪಾಯ. ಬಿರಿದ ಚರ್ಮಕ್ಕೆ ವಿನೆಗರ್ ಹಾಕಿದರೆ ಉರಿ ಹೆಚ್ಚುವುದೇ ಹೊರತು ಹಿತವಾಗದು. ರಕ್ತ, ಕೀವು, ಊತ ಅಥವಾ ಕುಂಟುವಿಕೆ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಇನ್ನೊಂದು ಸಂಗತಿ ಅಪರೂಪವಾದರೂ ಅತ್ಯಂತ ಗಂಭೀರವಾದುದು. ಹುಚ್ಚುನಾಯಿ ರೋಗ ತಗಲಿದ ಪ್ರಾಣಿಯು ಹಿಂದೆ ಕಡಿತವಾದ ಜಾಗವನ್ನೇ ಕಚ್ಚಿಕೊಳ್ಳುವುದುಂಟು. ಲಸಿಕೆ ಹಾಕಿಸದ ನಾಯಿಯ ಸ್ವಭಾವವು ಇದ್ದಕ್ಕಿದ್ದಂತೆ ಬದಲಾಗಿ, ಅದು ಹೀಗೆ ಮಾಡತೊಡಗಿದರೆ ಬಾಯಿಗೂ ಪಾದಕ್ಕೂ ಕೈ ಹಾಕದೆ ಪಶುವೈದ್ಯರನ್ನು ಕರೆಯಿರಿ. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಯಿಯ ಯೀಸ್ಟ್ ಆರೋಗ್ಯವಂತರಾದ ಮನುಷ್ಯರಿಗೆ ಸಾಮಾನ್ಯವಾಗಿ ಹಾನಿಮಾಡದು. ಆದರೆ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ತೀವ್ರ ಶುಶ್ರೂಷೆಯಲ್ಲಿದ್ದ ಎಳೆಯ ಶಿಶುಗಳಿಗೆ ಇದೇ ಯೀಸ್ಟ್ ತಗಲಿದ ಪ್ರಸಂಗವು ೧೯೯೮ರಲ್ಲಿ ವರದಿಯಾಯಿತು. ಸಿಬ್ಬಂದಿಯ ಮನೆಯ ನಾಯಿಗಳಿಂದ ಅವರ ಕೈಗಳ ಮೂಲಕ ಅದು ಬಂದಿರಬಹುದೆಂದು ಕಂಡುಬಂತು. ಕೈತೊಳೆಯುವ ಕ್ರಮವನ್ನು ಬಿಗಿಗೊಳಿಸಿದ ಮೇಲೆ ಅದು ಅಲ್ಲಿಂದ ಮಾಯವಾಯಿತು. ನಾಯಿಯ ಪಾದವನ್ನು ತೊಳೆದ ಮೇಲೆ ನಮ್ಮ ಕೈಯನ್ನೂ ತೊಳೆಯಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಉಪಸಂಹಾರ

ತನ್ನ ಪಾದವನ್ನು ಕಚ್ಚಿಕೊಳ್ಳುವ ನಾಯಿಯು ಹಠಮಾರಿಯೂ ಅಲ್ಲ, ಕೆಟ್ಟ ಚಾಳಿ ಕಲಿತುದೂ ಅಲ್ಲ. ಮಾತು ಬಾರದ ಅದು ತನ್ನ ಸಂಕಟವನ್ನು ತಿಳಿಸುವ ಬಗೆ ಅದೊಂದೇ. ಅದನ್ನು ಗದರಿಸಿದರೆ ನಮ್ಮ ಕಣ್ಣೆದುರಿನಲ್ಲಿ ನೆಕ್ಕುವುದು ನಿಂತೀತು, ತುರಿಕೆ ನಿಲ್ಲದು. ಯೀಸ್ಟನ್ನು ಕಂಡಾಗ ಅದನ್ನು ಅಡಗಿಸುವುದು ಅವಶ್ಯಕ. ಆದರೆ ಅಷ್ಟಕ್ಕೆ ತೃಪ್ತರಾಗದೆ, ಯೀಸ್ಟಿಗೆ ಎಡೆಮಾಡಿಕೊಟ್ಟ ಮೊದಲ ತುರಿಕೆ ಯಾವುದೆಂದು ಕೇಳಬೇಕು. ಆ ಪ್ರಶ್ನೆಯನ್ನು ಕೇಳುವವರ ಮನೆಯ ನಾಯಿಯು ನಿಶ್ಚಿಂತೆಯಾಗಿ ನಿದ್ರೆಮಾಡುವ ದಿನ ಬೇಗ ಬರುವುದು.