ಕಾಡುದಾರಿ ಪಾಠ: ದಾರಿ ಕೊಚ್ಚಿಹೋಗಿದ್ದರೆ



ಈ ಸಲ ದೊಡ್ಡ ಪಾದದಲ್ಲೇ ಹೋಗಬೇಕೆಂದು ಮಾಲೆ ಹಾಕಿರುವ ಕನ್ನಿ ಸ್ವಾಮಿಗಳು ಕೇಳುತ್ತಿರುವ ಪ್ರಶ್ನೆ ಇದು. ಅಳುದಾ ನದಿ ದಾಟಿ ಕರಿಮಲೆ ಕಡೆಗೆ ನಡೆಯುವಾಗ ಮಳೆಗೆ ದಾರಿಯೇ ಕೊಚ್ಚಿಹೋಗಿದ್ದರೆ ಏನು ಮಾಡಬೇಕು?

ಮೊದಲು ಮಳೆಯ ಲೆಕ್ಕ ತಿಳಿದುಕೊಳ್ಳಿ. ಮಂಡಲ ಕಾಲ ನವೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಮುಂಬೈ, ಪುಣೆಯವರಿಗೆ ಅಷ್ಟು ಹೊತ್ತಿಗೆ ಮಳೆಗಾಲ ಮರೆತೇ ಹೋಗಿರುತ್ತದೆ. ಕೇರಳದಲ್ಲಿ ಹಾಗಲ್ಲ, ಆಗ ಹಿಂಗಾರು ನಡೆಯುತ್ತಿರುತ್ತದೆ. ಬೆಳಿಗ್ಗೆ ಒಳ್ಳೆಯ ಬಿಸಿಲು, ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ. ಚೆನ್ನೈ ಸ್ವಾಮಿಗಳಿಗೆ ಇದನ್ನು ಹೇಳಬೇಕಾಗಿಲ್ಲ. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆ ಬಂದಾಗ ಕಾಡುದಾರಿಗಳಲ್ಲಿ ಯಾತ್ರೆಯನ್ನೇ ಕೆಲಕಾಲ ನಿಲ್ಲಿಸಿದ್ದರು. ಆದ್ದರಿಂದ ಬೆಳಿಗ್ಗೆ ಬೇಗ ಹೊರಡಿ. ತಡವಾಗಿ ಬಂದವರನ್ನು ಕಾಡಿನೊಳಗೆ ಬಿಡುವುದೂ ಇಲ್ಲ, ಆನೆ ತಿರುಗುವ ಜಾಗ. ಆ ವರ್ಷದ ಸಮಯವನ್ನು ಎರುಮೇಲಿಯಲ್ಲೇ ಕೇಳಿಕೊಳ್ಳಿ.

ಇನ್ನು ಕುಸಿತದ ವಿಷಯ. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಹೋಗುವ ಕಾಲುದಾರಿಯನ್ನು ಮೇಲಿನಿಂದ ಬರುವ ನೀರು ಒಂದೇ ಸಲಕ್ಕೆ ಕತ್ತರಿಸುವುದಿಲ್ಲ. ಕಣಿವೆ ಕಡೆಯ ಅಂಚಿನ ಕೆಳಗಿನ ಮಣ್ಣನ್ನು ಮೊದಲು ತಿನ್ನುತ್ತದೆ. ಮೇಲೆ ನೆಲ, ಹುಲ್ಲು, ಬೇರು ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಳಗೆ ಮಾತ್ರ ಟೊಳ್ಳು. ಹಾಗಾಗಿ ಮುರಿದ ಜಾಗಕ್ಕಿಂತ ಅದರ ಅಂಚೇ ಹೆಚ್ಚು ಅಪಾಯ. ಅಲ್ಲಿಗೆ ಹೋಗಿ ಬಗ್ಗಿ ನೋಡಬೇಡಿ, ಫೋಟೋಗಂತೂ ಬೇಡವೇ ಬೇಡ. ಹತ್ತು ಹೆಜ್ಜೆ ಹಿಂದೆಯೇ ನಿಂತು ಮೊದಲು ಮೇಲಕ್ಕೆ ನೋಡಿ. ಸಣ್ಣ ಕಲ್ಲುಗಳು ಉದುರುತ್ತಿವೆಯೇ? ನೆಲದಲ್ಲಿ ಹೊಸ ಬಿರುಕು ಇದೆಯೇ? ಮರ ವಾಲಿದೆಯೇ? ಮಣ್ಣಿನಿಂದ ಕೆಸರು ನೀರು ಜಿನುಗುತ್ತಿದೆಯೇ? ಇದರಲ್ಲಿ ಒಂದು ಕಂಡರೂ ಆ ಗುಡ್ಡ ಇನ್ನೂ ಜಾರುತ್ತಿದೆ ಎಂದೇ ತಿಳಿಯಿರಿ. ಅಲ್ಲಿ ದಾಟುವ ಮಾತಿಲ್ಲ.

ನಾನು ಈ ಪಾಠ ಕಲಿತದ್ದು ಬಿದ್ದು. ಎರಡನೇ ವರ್ಷದ ಯಾತ್ರೆ. ಸಹ್ಯಾದ್ರಿಯ ಕೋಟೆಗಳನ್ನು ಹತ್ತಿದ್ದೇನೆ, ಇದೇನು ಮಹಾ ಎಂಬ ಜಂಬ ಇತ್ತು. ಆ ಕೋಟೆ ಹತ್ತಿದ್ದು ಶೂ ಹಾಕಿಕೊಂಡು ಎಂಬುದು ಮರೆತಿತ್ತು. ಕರಿಮಲೆ ಇಳಿಯುವಾಗ ಸುಮಾರು ಹದಿನೈದು ಅಡಿ ದಾರಿ ಹೋಗಿತ್ತು. ಗುರುಸ್ವಾಮಿ ಹಿಂದೆ ಬರುತ್ತಿದ್ದರು, ನಾನು ಕಾಯಲಿಲ್ಲ. ಒಂದು ಕೈ ತಲೆಯ ಮೇಲಿನ ಇರುಮುಡಿಗೆ, ಇನ್ನೊಂದು ಕೈಯಲ್ಲಿ ಕೋಲು. ಮೂರನೇ ಹೆಜ್ಜೆಗೆ ಮಣ್ಣು ಕಾಲಡಿಯಿಂದ ಹೋಯಿತು. ಮುಡಿ ಬಿಡಲು ಮನಸ್ಸು ಬರಲಿಲ್ಲ, ಹಿಡಿಯಲು ಕೈ ಇರಲಿಲ್ಲ. ಒಂದು ಬೇರು ತಡೆಯಿತು. ಮೇಲಕ್ಕೆ ಎಳೆದುಕೊಂಡ ಮೇಲೆ ಗುರುಸ್ವಾಮಿ ಬೈಯಲಿಲ್ಲ. "ಪಡಿ ಹತ್ತುವಾಗ ಮುಡಿ ತಲೆಯ ಮೇಲಿರಬೇಕು ಸ್ವಾಮಿ. ಪಡಿವರೆಗೆ ನೀವೂ ಇರಬೇಕಲ್ಲ" ಎಂದರು ಅಷ್ಟೇ. ನನ್ನ ಶಾಲನ್ನೇ ತೆಗೆದು ಮುಡಿಯನ್ನು ಬೆನ್ನಿಗೆ ಅಲುಗಾಡದಂತೆ ಬಿಗಿದು ಕಟ್ಟಿದರು. ಎರಡೂ ಕೈ ಖಾಲಿಯಾದವು. ನಿಮ್ಮ ತಂಡದಲ್ಲಿ ಈ ಪದ್ಧತಿ ಹೇಗೆಂದು ಹೊರಡುವ ಮೊದಲೇ ನಿಮ್ಮ ಗುರುಸ್ವಾಮಿಯನ್ನು ಕೇಳಿಡಿ. ಕುಸಿತದ ಮುಂದೆ ನಿಂತು ಚರ್ಚೆ ಮಾಡುವ ವಿಷಯವಲ್ಲ ಅದು.

ಗುಡ್ಡ ನಿಂತಿದೆ, ಅಂತರ ಚಿಕ್ಕದು, ಜಾರಿದರೂ ಕೆಳಗೆ ಪ್ರಪಾತ ಇಲ್ಲ, ಈ ಮೂರೂ ಇದ್ದರೆ ಮಾತ್ರ ದಾಟಿ. ಅನುಭವಿ ಸ್ವಾಮಿ ಮೊದಲು, ಹೊರೆ ಇಲ್ಲದೆ. ಆಮೇಲೆ ಒಬ್ಬೊಬ್ಬರೇ, ಒಬ್ಬರು ಆ ಕಡೆ ಮುಟ್ಟುವವರೆಗೆ ಮುಂದಿನವರು ಕಾಲಿಡಬಾರದು. ಕೋಲು ಗುಡ್ಡದ ಕಡೆಯ ಕೈಯಲ್ಲಿರಲಿ. ಅದರಿಂದ ಕುಟ್ಟಿ ನೋಡಿ, ಹಿಮ್ಮಡಿಯಿಂದ ಮಣ್ಣಿನಲ್ಲಿ ಮೆಟ್ಟಿಲು ಮಾಡಿಕೊಂಡು ಹೆಜ್ಜೆ ಇಡಿ. ಭಯಕ್ಕೆ ಗುಡ್ಡಕ್ಕೆ ಒರಗುತ್ತೇವೆ, ಎಲ್ಲರೂ ಮಾಡುವ ತಪ್ಪು ಅದೇ. ಒರಗಿದರೆ ಭಾರ ಪಾದದ ಮೇಲಿಂದ ಸರಿದು ಕಾಲು ಹೊರಕ್ಕೆ ಜಾರುತ್ತದೆ. ನೆಟ್ಟಗೆ ನಿಲ್ಲಿ. ನಡುವೆ ನಿಲ್ಲಬೇಡಿ, ಹುಲ್ಲನ್ನು ನಂಬಬೇಡಿ. ಜಾರಿದರೆ ತಕ್ಷಣ ಹೊಟ್ಟೆಯ ಮೇಲೆ ತಿರುಗಿ ಮೊಣಕೈ, ಕಾಲ್ಬೆರಳು ಮಣ್ಣಿಗೆ ಊರಿ. ಹಗ್ಗ ಇದ್ದರೆ ಎರಡೂ ಕಡೆ ಗಟ್ಟಿ ಮರಕ್ಕೆ ಕಟ್ಟಿ, ಹಿಡಿದುಕೊಂಡು ಹೋಗಿ. ಸೊಂಟಕ್ಕೆ ಒಬ್ಬರಿಗೊಬ್ಬರು ಕಟ್ಟಿಕೊಂಡರೆ ಒಬ್ಬರು ಬಿದ್ದಾಗ ಎಲ್ಲರೂ ಬೀಳುತ್ತಾರೆ.

ಹಳ್ಳ ದಾಟುವಾಗ ಲೆಕ್ಕ ಉಲ್ಟಾ: ಬೆನ್ನಿನ ಚೀಲದ ಪಟ್ಟಿ ಸಡಿಲಿಸಿ, ಬಿದ್ದರೆ ಕಳಚುವಂತಿರಲಿ. ಮೊಣಕಾಲಿಗಿಂತ ಮೇಲೆ ರಭಸದ ನೀರಿದ್ದರೆ ಇಳಿಯಲೇಬೇಡಿ. ತಿಳಿನೀರು ಏಕಾಏಕಿ ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಮೇಲೆಲ್ಲೋ ದೊಡ್ಡ ಮಳೆ ಬಿದ್ದಿದೆ. ಓಡಿ ದಡ ಹತ್ತಿ. ಸಣ್ಣ ಹಳ್ಳಗಳು ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಇಳಿಯುತ್ತವೆ. ಕುಳಿತು ಶರಣು ಕೂಗುತ್ತಾ ಕಾಯಬಹುದು.

ಬರಿಗಾಲಿನ ಅಭ್ಯಾಸವನ್ನು ವ್ರತದ 41 ದಿನಗಳಲ್ಲೇ ಮಾಡಿಕೊಳ್ಳಿ. ಆಫೀಸಿನ ಟೈಲ್ಸ್ ಮೇಲೆ ಅಲ್ಲ, ಮಣ್ಣಿನ ಮೇಲೆ. ಕಲ್ಲು ಚುಚ್ಚಿ ಕುಂಟುವ ಕಾಲು ಕುಸಿತದ ಮೇಲೆ ಸ್ಥಿರವಾಗಿ ನಿಲ್ಲುವುದಿಲ್ಲ.

"ಹಿಂದಿರುಗಿದರೆ ವ್ರತಭಂಗವಲ್ಲವೇ?" ಎಂದು ಇನ್ನೂ ಕೇಳುತ್ತಾರೆ. 2018ರ ಆಗಸ್ಟ್ ಪ್ರವಾಹದಲ್ಲಿ ಪಂಪಾ ತೀರವೇ ಕೊಚ್ಚಿಹೋಯಿತು, ತ್ರಿವೇಣಿಯ ಸೇತುವೆ ಮರಳಿನಡಿ ಹೂತುಹೋಯಿತು. ಆಗ ಭಕ್ತರು ಬರಬೇಡಿ ಎಂದು ಹೇಳಿದ್ದು ದೇವಸ್ವಂ ಮಂಡಳಿಯೇ. ಕಾಡುದಾರಿ ಮುರಿದಿದ್ದರೆ ಎರುಮೇಲಿಗೆ ಹಿಂದಿರುಗಿ, ನಿಲಕ್ಕಲ್ ಮೂಲಕ ಪಂಪೆಗೆ ಬಸ್ಸಿದೆ. ಅಲ್ಲಿಂದ ನೀಲಿಮಲೆ ಹತ್ತಿ. ಹಿಂದಿರುಗುವಾಗ ಎದುರು ಸಿಕ್ಕ ಪ್ರತಿ ತಂಡಕ್ಕೂ, ಅರಣ್ಯ ಸಿಬ್ಬಂದಿಗೂ ಕುಸಿದ ಜಾಗ ಎಲ್ಲಿದೆ ಎಂದು ಹೇಳಿ. ಅವರ ಹಿಂದೆ ಮಕ್ಕಳೂ, ಮಾಳಿಗಪುರಂಗಳೂ ಬರುತ್ತಿರುತ್ತಾರೆ.

ಸ್ವಾಮಿ ಶರಣಂ.